ಬಾಲದ ಕಪ್ಪು ಪಟ್ಟಿ

ಕಾಸರಕೋಡ ದಂಡೆ,
ನೀರೇರಿದ ನೂರಾ ನಲವತ್ತನೇ ವರ್ಷ, ಫಾಲ್ಗುಣ ಮೂವತ್ತೆರಡು

ಮಾಣಕಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ನೇಸರಿ ಮಾಡುವ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ. ಋತುಗಳು ಅಡ್ಡಾದಿಡ್ಡಿಯಾದ ಮೇಲೆ ತಿಂಗಳುಗಳನ್ನು ಎಳೆದು ಉದ್ದ ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು.

ಮೀನಿನ ಪೆಟ್ಟಿಗೆಯ ಮುಚ್ಚಳದ ಮೇಲೆ ನೀನು ಬಿಡಿಸಿದ ಕಡಲಕ್ಕಿ ಇನ್ನೂ ನಮ್ಮಲ್ಲಿದೆ. ಕಾಫಿಬಣ್ಣದ ತಲೆ, ಕೆಂಪು ಕೊಕ್ಕು, ಬೂದು ಬೆನ್ನು. ಕೆಳಗೆ ‘ನಮ್ಮ ದಂಡೆಯ ಹಕ್ಕಿ’ ಎಂದು ಬರೆದಿದ್ದೀಯ. ಪುಸ್ತಕಗಳನ್ನೆಲ್ಲ ನೀರು ತಿಂದಿತು. ಆ ಹಕ್ಕಿಯನ್ನು ಕಂಡು ಬಲ್ಲವರೂ ಈಗ ಯಾರೂ ಇಲ್ಲ. ಗುರುತಿಗೆ ಉಳಿದಿರುವುದು ಅದೊಂದೇ.

ನಾನು ಇಲ್ಲಿಯ ಗುಟುಕಿನವಳು. ಅಂದರೆ, ವಲಸೆ ಬರುವ ಕಡಲಕ್ಕಿಗೆಂದು ದಿನವೂ ಬೆಳಿಗ್ಗೆ ಅಟ್ಟಣೆಯ ಮೇಲೆ ಮೀನಿಡುವವಳು. ನಲವತ್ತು ವರ್ಷದಿಂದ ಅಂಥ ಒಂದು ಹಕ್ಕಿಯೂ ಬಂದಿರಲಿಲ್ಲ. ಆದರೂ ಇಡುತ್ತಲೇ ಇದ್ದೆವು, ಮಧ್ಯಾಹ್ನದವರೆಗೆ ಕಾದು, ಆ ಮೀನನ್ನೇ ಹಂಚಿಕೊಂಡು ಉಣ್ಣುತ್ತಿದ್ದೆವು. ಸಿಗುವುದೇ ಒಂದು ಬುಟ್ಟಿ. ಅದಕ್ಕೇ ಊರಿನ ಕಟ್ಟಳೆ: ಮುಚ್ಚಳದ ಹಕ್ಕಿಗೆ ಮಾತ್ರ ಗುಟುಕು, ಉಳಿದವನ್ನು ತಟ್ಟೆ ಬಡಿದು ಓಡಿಸಬೇಕು.

ಈ ಕಾರ್ತಿಕದಲ್ಲಿ ಹತ್ತೊಂಬತ್ತು ಹಕ್ಕಿಗಳು ಬಂದವು. ಎಲ್ಲಕ್ಕೂ ಬಿಳಿ ತಲೆ, ಕಣ್ಣಿನ ಹಿಂದೆ ಮಸಿ ಹತ್ತಿದಂಥ ಚುಕ್ಕೆ. ಕೆಲವಕ್ಕೆ ರೆಕ್ಕೆಯ ತುಂಬ ಕಂದು ಕಲೆ, ಬಾಲದ ತುದಿಗೆ ಕಪ್ಪು ಪಟ್ಟಿ. ಮುಚ್ಚಳ ಹಿಡಿದು ಒಂದೊಂದನ್ನೂ ಹೋಲಿಸಿದೆ. “ಇವು ನಮ್ಮವಲ್ಲ ಮಾರಾಯ್ತಿ, ಓಡ್ಸು” ಅಂದಳು ಅಕ್ಕ ಸುಗಂಧಿ. ನಾನು ಕೆಲಸದಲ್ಲಿ ಬಲು ಕಟ್ಟುನಿಟ್ಟು. ಕೈ ಸೋಲುವವರೆಗೆ ಬಡಿದೆ. ಪಟ್ಟಿಬಾಲದವು ಬುದ್ಧಿಯಿಲ್ಲದವು, ಮತ್ತೆ ಮತ್ತೆ ಬಂದವು. ಸಿಟ್ಟು ಬಂದು ತಟ್ಟೆಯನ್ನೇ ಬೀಸಿ ಒಗೆದೆ. ಒಂದರ ರೆಕ್ಕೆ ಮುರಿಯಿತು. ಉಳಿದ ಹದಿನೆಂಟು ಹೊರಟುಹೋದವು.

ರೆಕ್ಕೆ ಮುರಿದದ್ದನ್ನು ಮನೆಗೆ ತಂದು ನನ್ನ ಪಾಲಿನ ಮೀನು ಹಾಕಿ ಸಾಕಿದೆ. ಮಾಘ ಕಳೆಯುತ್ತಿದ್ದಂತೆ ಕಣ್ಣಿನ ಹಿಂದಿನ ಚುಕ್ಕೆ ಹರಡತೊಡಗಿತು. ಇವತ್ತು ನೋಡಿದರೆ, ಅಲ್ಲಲ್ಲಿ ಬಿಳಿ ಉಳಿದಿದ್ದರೂ, ಕಾಫಿಬಣ್ಣದ ತಲೆ. ಬಾಲದಲ್ಲಿ ಪಟ್ಟಿ ಇನ್ನೂ ಇದೆ.

ಅಜ್ಜಿ, ನೀನು ಚಿತ್ರ ಬಿಡಿಸಿದ್ದು ಹೋಳಿಯ ಹೊತ್ತಿಗಿರಬೇಕು, ಅವು ಉತ್ತರಕ್ಕೆ ಹೊರಡುವ ಮುಂಚೆ. ಚಳಿಗಾಲದಲ್ಲಿ ಅವುಗಳ ತಲೆ ಬಿಳಿಯೇ. ಪಟ್ಟಿಬಾಲದವು ಮೊದಲ ಸಲ ಬಂದ ಮರಿಗಳು. ನಾವು ನಲವತ್ತು ವರ್ಷ ಕಾದದ್ದು ಅವಕ್ಕೇ.

ನಿನ್ನ ಮೇಲೆ ಕೋಪವಿಲ್ಲ. ಒಂದೇ ಬೇಡಿಕೆ: ಮುಚ್ಚಳದ ಎಡಗಡೆ ಜಾಗ ಬಿಟ್ಟಿದ್ದೀಯ. ಅಲ್ಲಿ ಕಾರ್ತಿಕದ ಬಿಳಿ ತಲೆಯನ್ನೂ ಪಟ್ಟಿಬಾಲದ ಮರಿಯನ್ನೂ ಬಿಡಿಸು. ಈ ಕಾಗದ ಹಿಂದಿನ ಕಾಲದಲ್ಲಿರುವ ನಿನ್ನ ಕೈಸೇರಿದರೆ ಮುಚ್ಚಳವೇ ನನಗೆ ಹೇಳುತ್ತದೆ.

ಇಷ್ಟು ಬರೆದು, ಎದ್ದು ಹೋಗಿ ನೋಡಿ ಬಂದೆ. ಎಡಗಡೆ ಇನ್ನೂ ಖಾಲಿ ಇದೆ.

ನಿನ್ನ
ನೇಸರಿ