ಹರಿಣಿಯ ಎಕೋ

ಫೆಬ್ರವರಿ 12, ಸೋಮವಾರ, ಸಂಜೆ

ರೇಷ್ಮೆ ಹುಳು ಮೂರನೇ ಜ್ವರಕ್ಕೆ ಕೂತಿವೆ. ಪೊರೆ ಬಿಡುವ ತನಕ ಸೊಪ್ಪು ಕೊಡುವಂತಿಲ್ಲ. ಅದಕ್ಕೇ ಇವತ್ತು ಬಿಡುವು. ಹರಿಣಿಯನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದೆ. ರಮೇಶ್‌ಬಾಬು ಹಾಲಿನ ವ್ಯಾನ್ ಬಿಟ್ಟು ಬರುವಂತಿಲ್ಲವಂತೆ. ಸುಳ್ಳು. ನನ್ನ ಮಗನಿಗೆ ಆಸ್ಪತ್ರೆ ಅಂದರೆ ಭಯ.

ಬಸ್ಸಿನಲ್ಲಿ ಪಕ್ಕದವಳು ಏನು ಕಾಯಿಲೆ ಎಂದು ಕೆದಕಿದಳು. ಸೊಸೆಗೆ ಎದೆಯ ಕ್ಯಾನ್ಸರ್, ಒಂದು ಮೊಲೆ ತೆಗೆದಿದ್ದಾರೆ, ಇನ್ನೇನು ಬೇಕು ಎಂದೆ. ಬಾಯಿ ಮುಚ್ಚಿದಳು. ಹರಿಣಿ ಕಿಟಕಿ ಕಡೆ ತಿರುಗಿದಳು.

ಕೀಮೋ ಮುಗಿದಿದೆ. ಈಗ ಮೂರು ವಾರಕ್ಕೊಂದು ಇಂಜೆಕ್ಷನ್, ಒಂದು ವರ್ಷ. ಅದು ಕ್ಯಾನ್ಸರ್ ತಿರುಗಿ ಬರದ ಹಾಗೆ ಕಾಯುತ್ತದೆ. ಕೆಲವರಿಗೆ ಹೃದಯವನ್ನೂ ಕೆಡಿಸುತ್ತದೆ. ಬೇಲಿಯೇ ಹೊಲ ಮೇಯುವ ಔಷಧಿ. ಅದಕ್ಕೇ ಮೂರು ತಿಂಗಳಿಗೊಂದು ಎಕೋ.

ಜೆಲ್ ಹಚ್ಚಿ, ಹೊಲಿಗೆಯ ಗಾಯದ ಮೇಲೇ ಮಿಷನ್ ಒತ್ತಿದಳು ಎಕೋ ಮಾಡುವ ಹುಡುಗಿ. ಬೈದೆ. ಆಮೇಲೆ ಮೆಲ್ಲಗೆ ಒತ್ತಿದಳು. ಟಿವಿಯಲ್ಲಿ ಹೃದಯ ಕಂಡಿತು. ಗಾಳಿಗೆ ಬಾಗಿಲು ಬಡಿದುಕೊಳ್ಳುವ ಹಾಗೆ... ಇಷ್ಟು ವರ್ಷ ನಾನು ಬೈದದ್ದೆಲ್ಲ ಇದಕ್ಕೇ ಹೋಗಿ ತಾಗುತ್ತಿತ್ತೇನೋ.

ಮೊದಲು ಅರವತ್ಮೂರು ಇತ್ತು. ಈಗ ಐವತ್ತಾರು. ಹೃದಯ ರಕ್ತ ತಳ್ಳುವ ಲೆಕ್ಕವಂತೆ. ಐವತ್ತಕ್ಕಿಂತ ಕೆಳಗೆ ಬಂದರೆ ಇಂಜೆಕ್ಷನ್ ನಿಲ್ಲಿಸುತ್ತೇವೆ, ನಡುವೆ ಉಸಿರು ಕಟ್ಟಿದರೆ ಎಕೋ ತನಕ ಕಾಯದೆ ಹೇಳಬೇಕು ಎಂದರು ಡಾಕ್ಟರಮ್ಮ.

ಮಾರ್ಚ್ 6, ಬುಧವಾರ

ರಮೇಶ ರೇಷ್ಮೆ ಗೂಡು ಮಾರಿ ಬಂದ. ರೇಟು ಪರವಾಗಿಲ್ಲ.

ಹರಿಣಿ ಬರಿಗೈಲಿ ತೋಟದಿಂದ ಬರುವಷ್ಟರಲ್ಲಿ ಎರಡು ಕಡೆ ನಿಂತಳು. ಬೇಡ ಅಂದರೂ ಹೋಗುತ್ತಾಳೆ. ಬೆಳಿಗ್ಗೆ ನೋಡಿದರೆ ಗೋಡೆಗೆ ಒರಗಿ ಕೂತೇ ನಿದ್ದೆ. ಮಲಗಿದರೆ ಕೆಮ್ಮು. ಹಿತ್ತಲಿಗೆ ಕರೆದು ಕೇಳಿದೆ. ಸುಸ್ತು ಎಂದಳು. ಸೀರೆ ಎತ್ತಿ ಕಾಲು ಒತ್ತಿದೆ. ಬೆರಳಿನ ಗುಳಿ ಬಿತ್ತು.

"ಡಾಕ್ಟರ್ ಹತ್ರ ಹೇಳ್ಬೇಡಿ ಅತ್ತಮ್ಮ. ಇಂಜೆಕ್ಷನ್ ನಿಲ್ಲಿಸ್ಬಿಡ್ತಾರೆ. ನಿಲ್ಲಿಸಿದ್ರೆ ಅದು ತಿರುಗಾ ಬರುತ್ತೆ. ನನ್ ಮಗಳು ಚೈತನ್ಯಂಗೆ ಇನ್ನೂ ಜಡೆ ಹಾಕ್ಕೊಳಕ್ಕೂ ಬರಲ್ಲ."

"ನನ್ನ ಬಾಯಿ ನಿಲ್ಲಲ್ಲ ಕಣಮ್ಮ. ಊರಿಗೇ ಗೊತ್ತು."

"ಇದೊಂದ್ಸಲ ನಿಲ್ಲಿಸಿ."

ಮದುವೆಯಾಗಿ ಬಂದ ಮೇಲೆ ನನ್ನನ್ನು ಏನೂ ಕೇಳಿದವಳಲ್ಲ. ಒಂದು ಸೀರೆ ಕೇಳಿದವಳಲ್ಲ. ಹೂಂ ಅಂದೆ.

ಮಾರ್ಚ್ 11, ಸೋಮವಾರ

ಇಂಜೆಕ್ಷನ್ ಆಯಿತು. ಉಸಿರು ಕಟ್ಟುತ್ತಾ ಎಂದು ಡಾಕ್ಟರಮ್ಮ ಕೇಳಿದರು. ಇಲ್ಲ ಎಂದಳು. ಕಾಲು ಮುಚ್ಚಲು ಸೀರೆ ಇಳಿಬಿಟ್ಟು ಉಟ್ಟಿದ್ದಳು. ನೀವೇನಂತೀರಮ್ಮ ಎಂದು ನನ್ನನ್ನೂ ಕೇಳಿದರು.

ಸುಮ್ಮನಿದ್ದೆ.

ಏಪ್ರಿಲ್ 1, ಸೋಮವಾರ

ಇನ್ನೊಂದು ಇಂಜೆಕ್ಷನ್. ಜ್ವರದ ಸೀಸನ್, ಭಾರೀ ರಶ್ಶು. ಡಾಕ್ಟರಮ್ಮ ಚೀಟಿ ನೋಡಿ ಕಳಿಸಿದರು. ಈ ಸಲವೂ ಹೇಳಲಿಲ್ಲ. ಮನೆಗೆ ಬಂದು ರಮೇಶನ ಮೇಲೆ, ನಾಯಿ ಮೇಲೆ, ಎಲ್ಲರ ಮೇಲೂ ರೇಗಿದೆ.

ಏಪ್ರಿಲ್ 10, ಬುಧವಾರ, ಚಿಕ್ಕಬಳ್ಳಾಪುರ

ನಿನ್ನೆ ಯುಗಾದಿ. ಹೋಳಿಗೆ ಬೇಯಿಸುತ್ತಿದ್ದವಳು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು. ತುಟಿ ನೇರಳೆಯಾಗಿತ್ತು. ಮಾತು ಹೊರಡುತ್ತಿಲ್ಲ. ಹಾಲಿನ ವ್ಯಾನಿನಲ್ಲೇ ಕರೆತಂದೆವು.

ಎಕೋ ಮೂವತ್ತಾರು.

ಎಷ್ಟು ದಿನದಿಂದ ಹೀಗೆ ಎಂದರು. ಆಗ ಬಾಯಿ ಬಿಟ್ಟೆ. ಎಲ್ಲ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆವಾಗ್ಲೇ ಹೇಳಿದ್ರೆ ಹೃದಯಕ್ಕೆ ಮಾತ್ರೆ ಶುರು ಮಾಡಿ, ಸ್ವಲ್ಪ ದಿನ ನಿಲ್ಲಿಸಿ, ಮತ್ತೆ ಹಾಕ್ಬೋದಿತ್ತಮ್ಮ. ಈಗ ಎಷ್ಟು ತಿಂಗಳಾಗುತ್ತೋ."

ನಿಲ್ಲಿಸಿದರೆ ಮತ್ತೆ ಹಾಕಬಹುದು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ನನಗೂ. ಕೇಳಿದ್ದರೆ ತಾನೇ.

ರಮೇಶ ಕಾರಿಡಾರಿನಲ್ಲಿ ಗೋಡೆ ನೋಡುತ್ತ ಹೇಳಿದ: "ಊರೆಲ್ಲಾ ಬಾಯಿ ಮಾಡ್ತೀಯ. ಇದೊಂದು ಹೇಳಕ್ಕಾಗ್ಲಿಲ್ವಾ?"

ಏಪ್ರಿಲ್ 22

ಮನೆಗೆ ಬಂದಳು. ಉಪ್ಪು ಕಮ್ಮಿ, ನೀರು ಕಮ್ಮಿ, ಮಾತ್ರೆ ಜಾಸ್ತಿ. ಎಲ್ಲರಿಗೂ ಅದೇ ಸಾರು. ರಮೇಶ ಮಾತಾಡದೆ ಉಣ್ಣುತ್ತಾನೆ.

ಈ ಸಲ ಹುಳು ಇಟ್ಟಿಲ್ಲ. ತಟ್ಟೆ ತೊಳೆದು ಕಟ್ಟಿಟ್ಟೆ.

ಮೇ 27

ನಲವತ್ನಾಲ್ಕು. ಇಂಜೆಕ್ಷನ್ ಇನ್ನೂ ಇಲ್ಲ.

ತಪ್ಪು ನಂದೇ ಅತ್ತಮ್ಮ, ನೀವು ಕೊರಗಬೇಡಿ ಎಂದಳು. ನಾನ್ಯಾಕೆ ಕೊರಗಲಿ, ಮುದ್ದೆ ತಿನ್ನು ಎಂದೆ.

ಜುಲೈ 8, ಸೋಮವಾರ

ಐವತ್ತೆರಡು!

ಡಾಕ್ಟರಮ್ಮ ಎದ್ದು ನಿಂತು ಅವಳ ಬೆನ್ನು ತಟ್ಟಿದರು. ಮುಂದಿನ ಸೋಮವಾರ ಇಂಜೆಕ್ಷನ್ ಮತ್ತೆ ಶುರು. ಬಸ್ ಸ್ಟ್ಯಾಂಡಿನಲ್ಲಿ ಹರಿಣಿ ಎರಡು ಮೊಳ ಕನಕಾಂಬರ ಕೊಂಡು ಒಂದನ್ನು ನನ್ನ ತಲೆಗೆ ಸಿಕ್ಕಿಸಿದಳು. ಮುಂಡೆಗೆ ಹೂವೇನೇ ಎಂದೆ. ಕಿತ್ತು ಹಾಕಲಿಲ್ಲ. ಬಸ್ಸಿನಲ್ಲಿ ಯಾರೋ ನೋಡಿದರು. ನೋಡಲಿ.

ರಮೇಶ ರಾತ್ರಿ, ಅಮ್ಮ, ಇನ್ನೊಂದು ಮುದ್ದೆ ಹಾಕು ಎಂದ. ಯುಗಾದಿ ಆದ ಮೇಲೆ ಅವನು ಅಮ್ಮ ಅಂದದ್ದು ಇದೇ ಮೊದಲು.

ಜುಲೈ 14, ಭಾನುವಾರ, ಮಧ್ಯಾಹ್ನ

ಹರಿಣಿಗೆ ಎಣ್ಣೆ ನೀರು ಹಾಕಿದೆ. ಆಪರೇಷನ್ ಆದ ಮೇಲೆ ಅವಳ ಎಡಗೈ ಮೇಲೆ ಏಳುವುದಿಲ್ಲ, ತಲೆ ಉಜ್ಜುವುದು ನಾನೇ. ಕತ್ತಿಗೆ ಎಣ್ಣೆ ಸವರುವಾಗ, ಎಡಗಡೆ, ಕತ್ತಿನ ಬುಡದ ಮೂಳೆಯ ಹಿಂದೆ... ಕಡಲೆಕಾಳಿನಷ್ಟು ಗಂಟು. ಗಟ್ಟಿ. ಒತ್ತಿದರೆ ಜರುಗುವುದಿಲ್ಲ.

ಇನ್ನೊಮ್ಮೆ ಮುಟ್ಟಿದೆ. ಅದರ ಪಕ್ಕ ಇನ್ನೊಂದು.

ಅವಳು ಹಾಡಿಕೊಳ್ಳುತ್ತಿದ್ದಳು. ಯಾಕೆ ನಿಲ್ಲಿಸಿದಿರಿ ಎಂದಳು. ಸೀಗೆಪುಡಿ ಕಣ್ಣಿಗೆ ಬಿತ್ತು ಎಂದೆ.

ಜುಲೈ 15, ಸೋಮವಾರ, ಬೆಳಿಗ್ಗೆ

ಏಳೂವರೆ ಬಸ್ಸಿಗೆ ಹೊರಡಬೇಕು. ಹರಿಣಿ ಹೊಸ ಸೀರೆ ಉಟ್ಟಿದ್ದಾಳೆ. ರಮೇಶ ರಜ ಹಾಕಿದ್ದಾನೆ, ತಾನೂ ಬರುತ್ತಾನಂತೆ. ಇಂಜೆಕ್ಷನ್ನಿಗೆ ಬರುವುದು ಮೊದಲ ಸಲ.

ಡಾಕ್ಟರಮ್ಮನಿಗೆ ಹೇಳುವುದು ಹೇಗೂ ಇದೆ. ಅದು ಕಷ್ಟವಲ್ಲ. ಆದರೆ ಆ ಕುರ್ಚಿಯ ಮೇಲೆ ಕೂತು, ಪರದೆಯ ಆಚೆ ಜನ ಇರುವಾಗ, ಇವಳು ಮೊದಲ ಸಲ ಕೇಳಬಾರದು. ಮನೆಯಲ್ಲೇ ಕೇಳಬೇಕು. ನನ್ನ ಬಾಯಿಂದ. ಇಷ್ಟು ವರ್ಷ ಈ ಬಾಯಿ ಏನೇನೋ ಅಂದಿದೆ, ಯೋಚನೆ ಮಾಡದೆ. ಇದಕ್ಕೆ ಒಂದು ಪದ ಸಿಗುತ್ತಿಲ್ಲ.

ಇಲ್ಲೇ ಬಂದಳು. ಕೂತ್ಕೊ ಎಂದೆ. ಟೈಮಾಗುತ್ತೆ ಅತ್ತಮ್ಮ ಎನ್ನುತ್ತಾ ಕೂತಳು. ಬರೆಯುವುದನ್ನು ಬಿಟ್ಟು ಹೇಳಿ, ಏನು, ಎನ್ನುತ್ತಿದ್ದಾಳೆ. ಬಿಡುತ್ತೇನೆ. ಈ ಸಾಲು ಮುಗಿ—