ರೀಕ್ಕಳ ಜೀವಕೋಶಗಳು ನಡೆದ ದಿನ

ತುರ್ಕು
೨೧ ಮೇ ೨೦೧೯

ಪ್ರೀತಿಯ ಇರ್ಯಾ,

ಸೊಂಟದ ಆಪರೇಷನ್ ಮಾಡಿಸಿಕೊಂಡು ಮಲಗಿರುವವಳಿಗೆ ಸುದ್ದಿ ತಿಳಿಸಲು ಈ ಭಾವನಿಗೆ ಇಷ್ಟು ದಿನ ಬೇಕಾಯಿತೇ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಫೋನಿನಲ್ಲಿ ‘ಎಲ್ಲಾ ಚೆನ್ನಾಗಾಯ್ತು’ ಎಂದು ಮುಗಿಸಿಬಿಟ್ಟದ್ದು ನಿನಗೆ ಸಾಲಲಿಲ್ಲ ಎಂದು ಗೊತ್ತು, ನನಗೂ ಸಾಲಲಿಲ್ಲ. ಫೋನು ಹಿಡಿದರೆ ಹವಾಮಾನದ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಲು ಊರಲು ಶುರು ಮಾಡಿದೆಯಾ? ಡಾಕ್ಟರು ಹೇಳಿದಷ್ಟೇ ನಡೆ, ನಿನ್ನ ಹಟ ನನಗೆ ಗೊತ್ತು.

ನಿನ್ನ ಅಕ್ಕನ ಮಗಳು ಈಗ ಡಾಕ್ಟರ್ ರೀಕ್ಕ. ಈ ಸಾಲು ಬರೆದು, ಎದ್ದು ಹೋಗಿ ಕಾಫಿ ಕುಡಿದು ಬಂದೆ. ಹಡಗು ಕಟ್ಟುವ ಯಾರ್ಡಿನಲ್ಲಿ ಜೀವಮಾನವಿಡೀ ಕ್ರೇನ್ ಓಡಿಸಿದವನ ಮಗಳು! ಹೆಮ್ಮೆ ಪಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಈ ಒಂದು ವಾರ ಆಕೆ ನನ್ನನ್ನು ಕ್ಷಮಿಸಲಿ.

ಪಿಎಚ್.ಡಿ. ಪ್ರಬಂಧದ ಬಹಿರಂಗ ಪರೀಕ್ಷೆಯ ದಿನ ಸಭಾಂಗಣಕ್ಕೆ ಮೂವರು ಕಪ್ಪು ಬಟ್ಟೆ ತೊಟ್ಟು ಸಾಲಾಗಿ ಬಂದರು. ಮುಂದೆ ರೀಕ್ಕ, ಹಿಂದೆ ಅವಳ ಗುರು ಪ್ರೊಫೆಸರ್ ಸಲ್ಮಿ, ಕೊನೆಗೆ ಅವಳ ಪ್ರಬಂಧವನ್ನು ಎಲ್ಲರೆದುರು ಜಾಲಾಡಲು ನಿಮ್ಮೂರು ಔಲುವಿನಿಂದ ಕರೆಸಿದ್ದ ಪ್ರತಿವಾದಿ, ಪ್ರೊಫೆಸರ್ ಹಕಾಲ. ಆಕೆಯ ಮುಖ ನೋಡಿಯೇ ಇದು ಸುಲಭಕ್ಕೆ ಮುಗಿಯುವುದಲ್ಲ ಎಂದುಕೊಂಡೆ.

ಮೊದಲು ರೀಕ್ಕ ನನ್ನಂಥವರಿಗೂ ತಿಳಿಯುವ ಹಾಗೆ ಮಾತಾಡಬೇಕು, ಅದು ಪದ್ಧತಿ. ಅವಳು ಹೇಳಿದ್ದೇನು ಗೊತ್ತೇ? ‘ನಮ್ಮಪ್ಪ ಕ್ರೇನ್ ಓಡಿಸ್ತಿದ್ರು. ಕೆಳಗೆ ನಿಂತೋನು ಕೈಸನ್ನೆ ಮಾಡದೆ ಕೊಕ್ಕೇನ ಒಂದಂಗುಲಾನೂ ಅಲ್ಲಾಡಿಸ್ತಿರಲಿಲ್ಲ. ಜೀವಕೋಶಾನೂ ಹಾಗೇ. ಸನ್ನೆ ಮಾಡೋ ಪ್ರೋಟೀನು ಹೇಳದೆ ಅದು ಹೆಜ್ಜೆ ಎತ್ತೋದಿಲ್ಲ.’ ಮುಂದಿನ ಸಾಲಿನವರು ತಿರುಗಿ ನನ್ನನ್ನು ನೋಡಿದರು. ನಾನು ಟೈ ಸರಿಮಾಡಿಕೊಂಡೆ.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಂದು ಪ್ರೋಟೀನು ಕೋಶದ ಮುಂಭಾಗದಲ್ಲಿದ್ದು ‘ಕಾಲು ಚಾಚು’ ಎನ್ನುತ್ತದೆ. ಇನ್ನೊಂದು ಹಿಂದೆ ನಿಂತು ‘ಬಾಲ ಎಳೆದುಕೋ’ ಎನ್ನುತ್ತದೆ. ಗಾಯದ ಸುತ್ತಲಿನ ಕೋಶಗಳು ಹೀಗೆ ನಡೆದು ಬಂದೇ ಗಾಯ ಮುಚ್ಚುವುದು. ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೂ ಹೀಗೇ. ಆ ಎರಡನ್ನೂ ಅವುಗಳ ಜಾಗದಲ್ಲಿ ನಿಲ್ಲಿಸುವ ಮೂರನೆಯದೊಂದನ್ನು ನಮ್ಮ ಹುಡುಗಿ ಕಂಡುಹಿಡಿದಿದ್ದಾಳೆ. ಅದನ್ನು ತಡೆದರೆ ಕೋಶ ಸುತ್ತಲೂ ಕಾಲು ಚಾಚುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಪರದೆಯ ಮೇಲೆ ಅದನ್ನೆಲ್ಲ ತೋರಿಸಿದಳು.

ಹಕಾಲ ಬಿಡಲಿಲ್ಲ. ‘ಗಾಜಿನ ಮೇಲೆ ಕೋಶ ನಿಂತುಬಿಟ್ರೆ ಆಯ್ತಾ? ಮನುಷ್ಯರ ಮೈಯೊಳಗೂ ನಿಲ್ಲುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳ್ತೀರಿ?’ ಎಂದು ಗದರಿಸಿಯೇ ಕೇಳಿದರು. ರೀಕ್ಕ ಒಂದು ಗುಟುಕು ನೀರು ಕುಡಿದು, ‘ನಾನು ಹಾಗೆ ಹೇಳೇ ಇಲ್ಲ. ಗೊತ್ತಿಲ್ಲ ಅಂತ್ಲೇ ಬರ್ದಿದ್ದೀನಿ. ಬೇಕಾದ್ರೆ ಆ ಪುಟ ತಾವು ಈಗ್ಲೇ ಓದಬಹುದು’ ಎಂದಳು. ಸಭೆ ನಕ್ಕಿತು. ಥೇಟ್ ಅವಳಮ್ಮ ಹೆಲ್ವಿಯ ನಾಲಗೆ, ಇರ್ಯಾ. ಹೆಲ್ವಿ ತೀರಿಕೊಂಡು ಇಷ್ಟು ವರ್ಷವಾದರೂ ಆ ಹರಿತ ಮಾತ್ರ ಮನೆಯಲ್ಲೇ ಉಳಿದಿದೆ. ಕೊನೆಗೆ ಹಕಾಲ ಎದ್ದು ನಿಂತು, ಪ್ರಬಂಧವನ್ನು ಒಪ್ಪಬೇಕೆಂದು ಶಿಫಾರಸು ಮಾಡುತ್ತೇನೆ ಎಂದರು. ನನ್ನ ಕಣ್ಣು ಮಂಜಾಯಿತು.

ಇನ್ನು ನನ್ನ ಘನಂದಾರಿ ಕೆಲಸ ಕೇಳು. ಎಲ್ಲ ಮುಗಿದ ಮೇಲೆ ರೀಕ್ಕ ಸಭೆಯ ಕಡೆ ತಿರುಗಿ, ಯಾರಿಗಾದರೂ ಆಕ್ಷೇಪವಿದ್ದರೆ ಅಧ್ಯಕ್ಷರ ಅನುಮತಿ ಪಡೆದು ಕೇಳಬೇಕು ಎಂದಳು. ಅದು ಬರೀ ಶಾಸ್ತ್ರಕ್ಕೆ ಹೇಳುವ ಮಾತಂತೆ, ಯಾರೂ ಬಾಯಿ ಬಿಡುವುದಿಲ್ಲವಂತೆ. ನನಗೇನು ಗೊತ್ತು? ಕೇಳಿ ಎಂದರೆ ಕೇಳುವವನು ನಾನು. ಕೈ ಎತ್ತಿದೆ. ಪಕ್ಕದಲ್ಲಿದ್ದ ನನ್ನ ಹಳೆಯ ಜೊತೆಗಾರ ಪೆಂತ್ತಿ ಕೋಟು ಹಿಡಿದು ಜಗ್ಗಿ, ‘ಕೂತ್ಕೊಳ್ಳೋ ತೈಸ್ತೊ, ಸ್ವಂತ ಮಗಳಿಗೇ ಅಡ್ಡಗಾಲು ಹಾಕ್ತೀಯೇನೋ’ ಎಂದ. ರೀಕ್ಕಳ ಮುಖ ಬಿಳುಚಿಕೊಂಡಿತು. ಅಧ್ಯಕ್ಷತೆ ವಹಿಸಿದ್ದ ಸಲ್ಮಿ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ‘ಕೇಳಿ’ ಎಂದರು.

‘ಆ ಕೋಶಗಳು ಯಾರವು?’ ಎಂದೆ.

‘ಅಪ್ಪಾ...’ ಎಂದವಳು ತಕ್ಷಣ ಸಾವರಿಸಿಕೊಂಡಳು. ‘ಮಾನ್ಯರೇ, ಪ್ರಶ್ನೆಗೆ ವಂದನೆ. ನಮ್ಮೂರ ಆಸ್ಪತ್ರೇಲಿ ಒಬ್ಬರು ಕೊಟ್ಟ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಕೋಶಗಳು ಅವು. ಯಾರು ಅಂತ ನಮಗೆ ಹೇಳೋದಿಲ್ಲ, ನಾವು ಕೇಳೋ ಹಾಗೂ ಇಲ್ಲ. ಆದ್ರೆ ಅವರು ಕೊಡದೇ ಇದ್ದಿದ್ರೆ ಈ ಪುಸ್ತಕದಲ್ಲಿ ಒಂದು ಪುಟಾನೂ ಇರ್ತಿರಲಿಲ್ಲ.’ ನಾನು ತಲೆಬಾಗಿಸಿ ಕೂತೆ. ಅಪ್ಪನಿಗೇ ಅಷ್ಟು ಗಂಭೀರವಾಗಿ ಉತ್ತರ ಕೊಟ್ಟಳಲ್ಲ, ಅದನ್ನು ನೀನು ನೋಡಬೇಕಿತ್ತು.

ಸಂಜೆಯ ಔತಣದಲ್ಲಿ ಹಕಾಲ ನನ್ನ ತಟ್ಟೆಗೆ ಸಾಲ್ಮನ್ ಮೀನು ಬಡಿಸುತ್ತಾ, ‘ಮುಂದಿನ ಸಲ ನಮ್ಮೂರಿಗೆ ಪ್ರತಿವಾದಿಯಾಗಿ ನಿಮ್ಮನ್ನೇ ಕರೆಸ್ತೀವಿ’ ಎಂದು ಛೇಡಿಸಿದರು. ಒಳ್ಳೆಯ ಹೆಂಗಸು. ರೀಕ್ಕ ಯಾರ್ಯಾರನ್ನು ನೆನೆದು ವಂದಿಸುತ್ತಾಳೋ ಅವರೆಲ್ಲ ಅದೇ ಸರದಿಯಲ್ಲಿ ಎದ್ದು ಉತ್ತರ ಹೇಳಬೇಕು. ನನ್ನದು ಕೊನೆಯ ಸರದಿ. ‘ನಿಮ್ಮಮ್ಮ ಇದ್ದಿದ್ರೆ ಚೆನ್ನಾಗಿ ಮಾತಾಡಿರ್ತಿದ್ಲು. ನಾನು ಚೆನ್ನಾಗಿ ಊಟ ಮಾಡ್ತೀನಿ’ ಎಂದು ಹೇಳಿ ಕೂತುಬಿಟ್ಟೆ. ರೀಕ್ಕ ಬಂದು ನನ್ನ ಕೊರಳಿಗೆ ಜೋತುಬಿದ್ದಳು.

ಬೇಗ ಗುಣವಾಗು ತಾಯಿ. ಮುಂದಿನ ತಿಂಗಳ ಮಧ್ಯಬೇಸಿಗೆಯ ಹಬ್ಬಕ್ಕೆ ನೀನು ನಮ್ಮ ಮನೆಯಲ್ಲಿರಬೇಕು. ನಿನಗೆ ಒಳ್ಳೆಯದಾಗಲಿ, ನಿನ್ನ ಕಾಲಿಗೆ ಮೊದಲಿನ ಬಲ ಬರಲಿ.

ನಿನ್ನ ಭಾವ,
ತೈಸ್ತೊ

ಮರೆತ ಮಾತು: ನಾನು ಯಾಕೆ ಕೈ ಎತ್ತಿದೆ ಎಂದು ಪೆಂತ್ತಿ ಇನ್ನೂ ಕೇಳುತ್ತಿದ್ದಾನೆ. ನಿನಗೊಬ್ಬಳಿಗೇ ಹೇಳುತ್ತೇನೆ. ಹೆಲ್ವಿಯ ಬೆನ್ನಿನ ಗಡ್ಡೆ ತೆಗೆದಾಗ ಡಾಕ್ಟರು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದರು. ‘ತಗೊಂಡ್ಹೋಗಿ, ನನಗಂತೂ ಅದು ಬೇಡ’ ಎಂದು ನಿನ್ನಕ್ಕ ನಕ್ಕಳು. ರೀಕ್ಕ ಆಗ ಶಾಲೆಗೆ ಹೋಗುತ್ತಿದ್ದಳು, ಅವಳಿಗೆ ಹೇಳಲಿಲ್ಲ. ನೀನೂ ಹೇಳಬೇಡ. ಈ ಊರಿನಲ್ಲಿ ಗಡ್ಡೆ ಕೊಟ್ಟವರು ಎಷ್ಟೋ ಜನ, ಅವು ಬೇರೆ ಯಾರವೋ ಇರಬಹುದು. ಆದರೆ ಪರದೆಯ ಮೇಲೆ ಒಂದು ಕೋಶ ನಡೆಯುತ್ತಾ ನಡೆಯುತ್ತಾ, ರೀಕ್ಕ ತಡೆದ ಕೂಡಲೇ ನಿಂತುಹೋಯಿತು. ಹೆಲ್ವಿಯನ್ನು ಕೊಂದದ್ದು ಅದೇ ನಡಿಗೆ ಎಂದು ನನಗೆ ಗೊತ್ತು ಇರ್ಯಾ. ಆದರೂ, ಇನ್ನೊಂದೇ ಒಂದು ಹೆಜ್ಜೆ ಇಡಲಿ ಎಂದು ಬೇಡಿಕೊಂಡೆ.