ಹತ್ತನೇ ನಂಬರಿನ ಸ್ಪ್ಯಾನರ್

ಸಾನ್ ಅಂದ್ರೆಸ್, ಕತಾಂದುವಾನೆಸ್
ಫೆಬ್ರವರಿ 4, 2007, ಭಾನುವಾರ

ಪಾದಿ ತೆರ್ಯೋ,

ನಾವು ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಇದ್ದೇವೆ ಎಂಬುದಂತೂ ನಿಜ. ಮರಳುಗಾಡಿನ ಆ ಗ್ಯಾರೇಜಿನಲ್ಲಿ ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬಿರುಗಾಳಿಯ ಮೇಲೆ ತಪ್ಪು ಹಾಕಬಹುದು, ಈ ವರ್ಷ ಊರಿನವರೆಲ್ಲ ಎಲ್ಲದಕ್ಕೂ ಅದರ ಮೇಲೇ ಹಾಕುತ್ತಿದ್ದಾರೆ. ಆದರೆ ಕಾಗದವಿತ್ತು, ಪೆನ್ನಿತ್ತು, ಪುರುಸೊತ್ತೂ ಇತ್ತು. ಬರೆಯಲಿಲ್ಲ, ಅಷ್ಟೆ. ಕ್ಷಮಿಸು.

ಊರಿಗೆ ಇನ್ನೂ ಕರೆಂಟ್ ಬಂದಿಲ್ಲ. ಕಂಬಗಳು ಬಿದ್ದಲ್ಲೇ ಬಿದ್ದಿವೆ, ಅವುಗಳ ಮೇಲೆ ಜನ ಬಟ್ಟೆ ಒಣಗಿಸುತ್ತಾರೆ. ನಾರಿನ ಗಿಡಗಳೆಲ್ಲ ಮಲಗಿರುವುದರಿಂದ ಹಡಗುಕಟ್ಟೆಯಲ್ಲಿ ನಾನು ತೂಗುವುದಕ್ಕೆ ನಾರಿಲ್ಲ, ಆದರೂ ದಿನಾ ಹೋಗಿ ತಕ್ಕಡಿ ಒರೆಸಿ ಬರುತ್ತೇನೆ. ನಡೆದೇ ಹೋಗುತ್ತೇನೆ, ಗಾಡಿ ಮನೆಯ ಪಕ್ಕದಲ್ಲೇ ನಿಂತಿದೆ. ನಿಮ್ಮ ಮನೆಯ ತಗಡು ಮತ್ತೆ ಹೊದಿಸಿದ್ದಾರೆ. ನಿನ್ನ ತಂಗಿ ಸಲೂದ್ ಸಣ್ಣಗಾಗಿದ್ದಾಳೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದಾಳೆ. ನಿನ್ನ ಅಮ್ಮನ ನಲವತ್ತನೇ ದಿನದ ಪ್ರಾರ್ಥನೆ ಸಾಂಗವಾಗಿ ನಡೆಯಿತು. ಅನ್ನ ಸಾಕಾಯಿತು, ಮೀನು ಸಾಲಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದು ಬಂದೆ. ನನ್ನವಳು, ಲೂಮಿಂಗ್, ಬರಲಿಲ್ಲ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಡಿಸೆಂಬರ್ ಇಪ್ಪತ್ತೊಂದರ ಬೆಳಿಗ್ಗೆ, ಕ್ರಿಸ್ಮಸ್‌ಗೆ ಮುಂಚಿನ ನಸುಕಿನ ಪೂಜೆಗೆ ಗಂಟೆ ಹೊಡೆಯುತ್ತಿದ್ದಾಗ ಲೂಮಿಂಗ್‌ಗೆ ನೋವು ಶುರುವಾಯಿತು, ದಿನ ತುಂಬಲು ಇನ್ನೂ ಎರಡು ವಾರವಿತ್ತು. ಅವಳನ್ನು ಗಾಡಿಯಲ್ಲಿ ಕೂರಿಸಿದೆ. ಕೀಲಿ ತಿರುಗಿಸಿದರೆ ಮುಂದಿನ ದೀಪಗಳು ಹೊತ್ತಿದವು, 'ಟಕ್' ಎಂದು ಒಂದು ಸದ್ದು, ಆಮೇಲೆ ದೀಪವೂ ಇಲ್ಲ, ಸದ್ದೂ ಇಲ್ಲ. ಆಟೋಮ್ಯಾಟಿಕ್ ಗೇರಿನ ಗಾಡಿ, ತಳ್ಳಿದರೆ ಶುರುವಾಗುವ ಜಾತಿಯಲ್ಲ. ಊರಿನ ಮೂರು ಚಕ್ರದ ಬಂಡಿಗಳೆಲ್ಲ ಚರ್ಚಿನ ಮುಂದೆ ನಿಂತಿದ್ದವು, ಓಡಿಸುವವರೆಲ್ಲ ಒಳಗೆ ಮೊಣಕಾಲೂರಿದ್ದರು. ಪೂಜೆಯ ನಡುವೆ ನುಗ್ಗಿ ಒಬ್ಬನನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ, ಹೊಂಡ ಬಿದ್ದ ರಸ್ತೆಯಲ್ಲಿ ಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ, ಬೆಳಕಾಗಿತ್ತು. ಹೆಣ್ಣು ಮಗು. ಅಳಲಿಲ್ಲ. ಒಂದು ಗಂಟೆ ಮೊದಲು ಬಂದಿದ್ದರೆ ಎಂದು ಡಾಕ್ಟರಮ್ಮ ಹೇಳಲು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಒಳ್ಳೆಯ ಹೆಂಗಸು.

ಇದನ್ನು ಬರೆಯುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ದವಡೆಯ ಹಾಗಿದೆ, ಮುಟ್ಟಿದರೆ ನನ್ನದೇ ಎಂದು ಗೊತ್ತಾಗುತ್ತದೆ, ಅಷ್ಟೇ.

ನನ್ನ ಗಾಡಿಯ ಬ್ಯಾಟರಿ ನಿನ್ನ ಅಮ್ಮನ ಜಾಗರಣೆಗೆ ಹೋಗಿತ್ತೆಂದು ಸಲೂದ್ ನಿನಗೆ ಬರೆದಿದ್ದಾಳೆ. ನಿಜ. ಊರಿಗೆ ಊರೇ ಕತ್ತಲಾಗಿರುವಾಗ ಶವಪೆಟ್ಟಿಗೆಯ ಪಕ್ಕದ ದೀಪ ಆರಬಾರದಲ್ಲ, ನಾನೇ ಬಿಚ್ಚಿಕೊಂಡು ಹೋಗಿ ಕೊಟ್ಟೆ. ಒಂಬತ್ತು ರಾತ್ರಿ ಉರಿಯಿತು. ನಾನಲ್ಲದಿದ್ದರೆ ಇನ್ನೊಬ್ಬರು ಕೊಡುತ್ತಿದ್ದರು. ಇದನ್ನು ಋಣ ಎಂದು ಯಾಕೆ ಬರೆಯುತ್ತೀಯ?

ಆದರೆ ಆ ಬೆಳಿಗ್ಗೆ ನಾನು ಒಂದು ಮಾತಾಡಿದೆ. ಬಾನೆಟ್ ಎತ್ತಿ ನಿಂತು, ಅಂಗಳದಲ್ಲಿ ಸೇರಿದ್ದ ಎಲ್ಲರೆದುರು, "ಬ್ಯಾಟರಿ ಸತ್ತೋಗಿದೆ. ಸಾವಿನ್ ಮನೇಲಿ ಪೂರ್ತಿ ಹೀರಿಬಿಟ್ಟವ್ರೆ" ಎಂದೆ. ಲೂಮಿಂಗ್‌ಳ ಚಿಕ್ಕಮ್ಮ ತಿಯಾ ಪಾಸಿಂಗ್‌ಗೆ ಅಷ್ಟೇ ಸಾಕಾಯಿತು. ಆಕೆ ಗೊತ್ತಲ್ಲ, ಇರುವೆ ಕಚ್ಚಿದರೂ ಅದನ್ನು ಕಳಿಸಿದವರು ಯಾರು ಎಂದು ಯೋಚಿಸುವ ಹೆಂಗಸು. ಸಾವಿನ ಮನೆಯಿಂದ ಹೊರಟವರು ದಾರಿಯಲ್ಲಿ ಎಲ್ಲಾದರೂ ನಿಂತು, ಬೆನ್ನಿಗೆ ಬಂದದ್ದನ್ನು ಅಲ್ಲಿ ಕೊಡವಿ ಮನೆಗೆ ಬರಬೇಕು. ಬ್ಯಾಟರಿ ಎಲ್ಲಿ ನಿಂತಿತ್ತು, ಎಲ್ಲಿ ಕೊಡವಿಕೊಂಡಿತು? ನೇರ ಬಸುರಿಯ ಮನೆಗೆ ಬಂತು. ಹೀಗೆ ಅವಳ ಲೆಕ್ಕ. ಹಾಸಿಗೆಯ ಪಕ್ಕ ಕೂತು, "ಆ ಮುದುಕಿಗೆ ಒಬ್ಳೇ ಹೋಗಕ್ಕೆ ಬೇಜಾರಾಗಿತ್ತು ಕಣೇ, ಜೊತೆಗೆ ಕೂಸನ್ನ ಕರ್ಕೊಂಡೋದ್ಲು" ಎಂದು ಲೂಮಿಂಗ್‌ಗೆ ಹೇಳಿದಳು. ನಾನು ಬಾಗಿಲಲ್ಲೇ ಇದ್ದೆ. ನಿನ್ನ ಅಮ್ಮ ನನಗೆ ಎಷ್ಟು ಸಲ ಊಟ ಹಾಕಿದ್ದಾಳೆ. ಆದರೂ ನಾನು ಬಾಯಿ ಬಿಡಲಿಲ್ಲ.

ಅಂದಿನಿಂದ ಲೂಮಿಂಗ್ ನಿಮ್ಮ ಮನೆಯ ನೀರು ಸಹ ಮುಟ್ಟುವುದಿಲ್ಲ. ಸಲೂದ್ ಪ್ರತಿ ಭಾನುವಾರ ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಲೂಮಿಂಗ್‌ಗೆ ಇಷ್ಟವೆಂದು ಖಾರ ಜಾಸ್ತಿ ಹಾಕಿ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾಳೆ. ಸಂಜೆ ನಾನು ಆ ಪಾತ್ರೆಯನ್ನು ಮುಚ್ಚಳ ತೆಗೆಯದೆ ಹಾಗೇ ವಾಪಸು ಒಯ್ಯುತ್ತೇನೆ. ಹೋದ ವಾರ ಸಲೂದ್ ಅದನ್ನು ತೆಗೆದುಕೊಳ್ಳುತ್ತಾ, "ಅಮ್ಮಂದು ಏನೂ ತಪ್ಪಿಲ್ಲ ಅಂತ ನೀನೊಂದ್ ಮಾತು ಹೇಳಣ್ಣ, ನಿನ್ ಮಾತು ಕೇಳ್ತಾಳೆ" ಎಂದಳು. ನೋಡೋಣ ಎಂದೆ.

ಈಗ ನಿನ್ನ ಪತ್ರ. ಅಮ್ಮನ ಪರವಾಗಿ ಕ್ಷಮೆ ಕೇಳಿದ್ದೀಯ. ಈಸ್ಟರ್‌ಗೆ ಬರುವಾಗ ಹೊಸ ಬ್ಯಾಟರಿ ಕೊಡಿಸುತ್ತೇನೆ ಎಂದಿದ್ದೀಯ. ಜೊತೆಗೆ ಎರಡು ಪುಟದ ಪಾಠ, ಅಂದಾಜಿನ ಮೇಲೆ ಏನನ್ನೂ ಬದಲಿಸಬೇಡ, ಮೊದಲು ಅಳೆ, ಹಳತಾಗಿ ಸತ್ತ ಬ್ಯಾಟರಿಯೂ ತಪ್ಪೇ ಇಲ್ಲದ ಬ್ಯಾಟರಿಯೂ ನೋಡಲು ಒಂದೇ ಥರ ಎಂದು. ನೀನು ಇಲ್ಲಿದ್ದಾಗಲೂ ಹೀಗೇ ಹೇಳುತ್ತಿದ್ದೆ, ಸಿಗರೇಟು ಬಾಯಲ್ಲಿಟ್ಟುಕೊಂಡೇ. ಲೂಮಿಂಗ್ ಚಿಕ್ಕಮ್ಮನ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ನೀನು ಬಿಟ್ಟುಹೋದ ಹಳದಿ ಮೀಟರ್ ತೆಗೆದುಕೊಂಡು ಕೂತೆ. ನೀನು ಬರೆದ ಕ್ರಮದಲ್ಲೇ ಮಾಡಿದೆ.

ಮೀಟರಿನ ಮುಳ್ಳುಗಳನ್ನು ಬ್ಯಾಟರಿಯ ಎರಡು ಸೀಸದ ಗುಬುಟುಗಳ ಮೇಲೇ ಇಟ್ಟು ನೋಡಿದೆ, ಹನ್ನೆರಡೂವರೆ ವೋಲ್ಟ್, ತುಂಬಿದ ಬ್ಯಾಟರಿಯ ಲೆಕ್ಕ. ಆರು ವಾರ ಸುಮ್ಮನೆ ನಿಂತ ಬ್ಯಾಟರಿ. ಮೀಟರ್ ಹಾಳಾಗಿದೆ ಎಂದುಕೊಂಡು ಪಕ್ಕದ ಮನೆಯವರ ರೇಡಿಯೋದ ಸೆಲ್ಲಿಗೆ ಹಿಡಿದು ನೋಡಿ ಬಂದೆ. ಮೀಟರ್ ಸರಿಯಾಗಿತ್ತು. ಸಲೂದ್ ಆ ಒಂಬತ್ತು ದಿನವೂ ಬ್ಯಾಟರಿಯನ್ನು ಚರ್ಚಿನ ಜನರೇಟರಿಗೆ ಹೊತ್ತುಕೊಂಡು ಹೋಗಿ ತುಂಬಿಸಿ ತರುತ್ತಿದ್ದಳಂತೆ, ಕೊನೆಗೆ ನನಗೆ ಕೊಟ್ಟದ್ದೂ ತುಂಬಿಸಿಯೇ. ಅವಳು ಹಾಗೆಂದು ಆಗಲೇ ಹೇಳಿದ್ದಳು, ನಾನು ನಂಬಿರಲಿಲ್ಲ. ನಿಂತ ಗಾಡಿ ಎಷ್ಟು ಕರೆಂಟ್ ಕುಡಿಯುತ್ತದೆ ಎಂದು ನೋಡಿದೆ, ಗಡಿಯಾರಕ್ಕೆ ಬೇಕಾದಷ್ಟು ಮಾತ್ರ. ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್ ಹದಿನಾಲ್ಕೂ ಚಿಲ್ಲರೆ ವೋಲ್ಟ್ ಕೊಡುತ್ತಿದೆ, ಬೆಲ್ಟು ಬಿಗಿಯಾಗಿದೆ.

ಹಾಗಾಗಿ ಹೊಸ ಬ್ಯಾಟರಿ ತರಬೇಡ. ಇದು ಇನ್ನೂ ಎರಡು ವರ್ಷ ಬಾಳುತ್ತದೆ. ನಿನ್ನ ಅಮ್ಮ ಏನನ್ನೂ ಹೀರಲಿಲ್ಲ, ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಇದನ್ನು ನೀನು ಸಲೂದ್‌ಗೆ ಬರೆಯಬಹುದು.

ನೀನು ಪೆಟ್ಟಿಗೆಯಲ್ಲಿ ಕಳಿಸಿದ್ದ ಪುಟ್ಟ ಬಟ್ಟೆಗಳಲ್ಲಿ ಹಳದಿ ಟೋಪಿಯನ್ನು ಮಗುವಿಗೆ ಹಾಕಿದೆವು. ಸರಿಯಾಗಿ ಕೂತಿತ್ತು. ಉಸಿರಾಡದ ಮಗುವಿಗೆ ಜ್ಞಾನಸ್ನಾನ ಮಾಡಿಸಲು ಬರುವುದಿಲ್ಲ ಎಂದು ಪಾದ್ರಿಗಳು ಮೆಲ್ಲಗೆ ಹೇಳಿ, ಆಶೀರ್ವಾದ ಮಾತ್ರ ಮಾಡಿದರು. ಲೂಮಿಂಗ್‌ಗೆ ಮೂರು ತಿಂಗಳಾದಾಗಲೇ ನೀನು ನನ್ನನ್ನು ಪಾದಿ ಎಂದು ಕರೆಯಲು ಶುರುಮಾಡಿದ್ದೆ. ಇರೋ, ಮೊದಲು ಮಗು ಹುಟ್ಟಲಿ, ನೀನು ಅದರ ಧರ್ಮತಂದೆಯಾಗಿ ಎತ್ತಿಕೊಂಡು ನಿಲ್ಲು, ಆಮೇಲೆ ಕರಿ ಎಂದಿದ್ದೆ. ಈಗ ನಾವು ಪಾದಿಗಳಲ್ಲ. ಆದರೂ ಈ ಪತ್ರದ ಮೇಲೆ ಹಾಗೇ ಬರೆದಿದ್ದೇನೆ, ಅಳಿಸುವುದಿಲ್ಲ.

ಬಿಸಿಲಿಗೆ ತಲೆ ಮುಚ್ಚಿಕೊ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಮುಟ್ಟಿದ ಗಾಡಿಯೆಲ್ಲ ಓಡಲಿ, ದೇವರು ನಿನ್ನನ್ನು ಇಡಿಯಾಗಿ ಮನೆಗೆ ಕಳಿಸಲಿ.

ನಿನ್ನ
ಸಾಂತಿಂಗ್

ತಾ.ಕ.: ನೀನು ಗಮನಿಸಿರುತ್ತೀಯ. ಎಂಜಿನ್ ಓಡದೆ ಆಲ್ಟರ್ನೇಟರ್ ಅಳೆಯಲು ಬರುವುದಿಲ್ಲ.

ನಿಂತ ಗಾಡಿ ಕುಡಿಯುವ ಕರೆಂಟ್ ನೋಡಬೇಕಾದರೆ ಮೈನಸ್ ಗುಬುಟಿಗೆ ತಂತಿ ಕಚ್ಚಿಸುವ ಕ್ಲಾಂಪ್ ಬಿಚ್ಚು, ಹತ್ತನೇ ನಂಬರಿನ ಸ್ಪ್ಯಾನರ್ ಬೇಕು ಎಂದು ಬರೆದಿದ್ದೆಯಲ್ಲ. ಸ್ಪ್ಯಾನರ್ ಹಿಡಿದುಕೊಂಡು ಹೋದೆ. ಬೇಕಾಗಲಿಲ್ಲ. ಕ್ಲಾಂಪ್ ಎರಡು ಬೆರಳಿಗೆ ಎದ್ದು ಬಂತು.

ನಿನ್ನ ಅಮ್ಮನನ್ನು ಮಣ್ಣು ಮಾಡಿದ ಸಂಜೆ ನಾನು ನಿಮ್ಮ ಮನೆಯಿಂದ ನೇರ ಬ್ಯಾಟರಿ ಹೊತ್ತು ತಂದು ಗಾಡಿಯಲ್ಲಿ ಕೂರಿಸುತ್ತಿದ್ದೆ. ಕಿಟಕಿಯಿಂದ ತಿಯಾ ಪಾಸಿಂಗ್, "ಒಳಗ್ ಕಾಲಿಡ್ಬೇಡ, ಬಸುರಿ ಇದ್ದಾಳೆ. ಮೊದ್ಲು ಬೇಕರಿ ಹತ್ರ ಹೋಗಿ ಕೊಡವ್ಕೊಂಡ್ ಬಾ" ಎಂದಳು. ಸ್ಪ್ಯಾನರ್ ಒಳಗಿತ್ತು. ಕೇಳಿದ್ದರೆ ಕಿಟಕಿಯಿಂದಲೇ ಕೊಡುತ್ತಿದ್ದಳು. ಕೇಳಲಿಲ್ಲ. ಕೈಯಲ್ಲೇ ತಿರುಗಿಸಿ, ನಾಳೆ ಬಿಗಿ ಮಾಡಿದರಾಯಿತು ಎಂದುಕೊಂಡು ಬೇಕರಿಗೆ ಹೋಗಿ ಒಂದು ಕಾಫಿ ಕುಡಿದೆ, ಮಗುವಿಗೆ ಒಳ್ಳೆಯದಾಗಲಿ ಎಂದು. ಮೂರು ದಿನ ಅದರ ನೆನಪೇ ಆಗಲಿಲ್ಲ.

ಆ ಮಧ್ಯಾಹ್ನ ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿ ಮಾಡಿದೆ. ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಆಲ್ಟರ್ನೇಟರ್ ನೋಡಿಕೊಂಡು ತಕ್ಷಣ ಆರಿಸಿಬಿಟ್ಟೆ.

ಸಲೂದ್‌ಗೆ ನೀನು ಬರೆಯುವ ಮೊದಲು ಲೂಮಿಂಗ್‌ಗೆ ನಾನು ಹೇಳಬೇಕು, ಗೊತ್ತು. ಇನ್ನೂ ಹೇಳಿಲ್ಲ. ದಿನಾ ನಡೆದೇ ಹೋಗುತ್ತೇನೆ. ಗಾಡಿ ಶುರು ಮಾಡಿದರೆ ಅವಳಿಗೆ ಕೇಳಿಸುತ್ತದೆ, ಏನಾಗಿತ್ತು ಅದಕ್ಕೆ ಎಂದು ಕೇಳುತ್ತಾಳೆ.